ಎಂಬತ್ತು ದಿನಾರ

…ನಗಬ್ಯಾಡ ಬೇ ಅಫ್ಸಾನಾ, ಖರೇನ ಕೇಳಾಕತ್ತೇನಿ! ಕುವೈತಿನ್ಯಾಗ ಒಂದು ಕಟ್ಟು ಕೊತಂಬ್ರಿ ಎಷ್ಟು? ನೂರು ಫಿಲ್ಸಾ? ತಡಿ, ಸಾವಿರ ಫಿಲ್ಸಿಗೆ ಒಂದು ದಿನಾರ, ದಿನಾರಕ್ಕ ಹತ್ರಹತ್ರ ಮುನ್ನೂರು ರೂಪಾಯಿ… ಮೂವತ್ತು! ಕೊತಂಬ್ರಿಗೆ ಮೂವತ್ತು! ನಮ್ಮ ಇಲಕಲ್ಲ ಸಂತ್ಯಾಗ ಹತ್ತಕ್ಕ ಎರಡು ಕಟ್ಟು ಕೊಟ್ಟು, ಮ್ಯಾಲೊಂದು ಕರಿಬೇವಿನ ಕಡ್ಡಿ ಇಟ್ಟು ಕಳಸ್ತಾರ. ಏನೈತಿ ಬೇ ಆ ದೇಶದಾಗ, ಮಣ್ಣು!

ಹಾಂ… ಎಳಿ ಸಡ್ಲ ಬಿಡಬ್ಯಾಡ. ಕೊಂಡಿ ಹಾಕೂದು ಮರತೀ ಏನ? ಸೆರಗಿನ ಎಳಿ ನೀ ಕುಣಿಕಿ ಮಾಡಿ ಹಿಡಿ, ಒಡಲಿನ ಎಳಿ ನಾ ಅದರಾಗ ತೂರಸ್ತೇನಿ. ಹಂಗ… ಹಂಗ. ಕೈ ಇನ್ನೂ ನೆನಪಿಟ್ಟೈತಿ ನೋಡು. ಮೂರು ವರ್ಷ ಅರಬರ ಮನ್ಯಾಗ ಭಾಂಡಿ ತಿಕ್ಕಿದ್ರೂ ಇಲಕಲ್ಲ ಸೀರಿ ಬೆರಳು ಬಿಟ್ಟಿಲ್ಲ. ನೀ ಹೋದ ಮ್ಯಾಲೆ ನನ್ನ ಜೋಡಿ ಇದಕ್ಕ ಕುಂಡ್ರಾಕ ಯಾರೂ ಸರಿಬರಲಿಲ್ಲ, ಖರೆ ಹೇಳ್ತೇನಿ. ಸಕ್ರವ್ವ ಬರ್ತಿದ್ಲು… ಅಕಿ ಕೈಯಾಗ ಎಳಿ ಕೊಟ್ರ ಸಿಕ್ಕಗಂಟಾ ಮಾಡಿ ಇಡಾಕಿ!

ಏನಂದಿ? ಪೆಟ್ರೋಲಾ? ಇಪ್ಪತ್ತೈದು ರೂಪಾಯಿಗೆ ಲೀಟರಾ! …ಇರ್ಲಿ ಬಿಡು, ನಿನಗೇನು ಅಲ್ಲಿ ಕಾರೈತಿ? ಚಾ? ಒಂದು ಕಪ್ಪಿಗೆ ನಾಲ್ವತ್ತು? ಅಯ್ಯ! ಬಸ್‌ಸ್ಟ್ಯಾಂಡಿನ್ಯಾಗ ಹತ್ತಕ್ಕ ಕೊಡ್ತಾರ, ಅಲ್ಲ ಹಾಕಿ ಕೊಡ್ತಾರ. ನಾ ಅಂತೂ ಹೋಗಾಕಿ ಅಲ್ಲವ್ವಾ. ಕರದ್ರೂ ಹೋಗಾಕಿ ಅಲ್ಲ.

ಯಾಕ ಹಂಗ ನೋಡ್ತಿ? ಹೊಟ್ಟಿಕಿಚ್ಚಾ? ನನಗಾ? ಹ್ಞೂಂ, ಐತಿ! ಮುಚ್ಚಿಡೂದೇನೈತಿ? ನಿಮ್ಮವ್ವ ಅಮೀನಬಿ ಮೊದಲ ನಮ್ಮ ಕಟ್ಟಿ ಮ್ಯಾಲೆ ಕುಂತು ಮಾತಾಡಾಕಿ, ಈಗ ಕುರ್ಚಿ ಹಾಕ್ರಿ ಅಂತಾಳ. ನಿನ್ನ ಮಗಳು ಜಾಸ್ಮಿನ ಬಾಗಲಕೋಟ್ಯಾಗ ನರ್ಸಿಂಗ್ ಕಲಿಯಾಕತ್ತಾಳ. ನನ್ನ ಮಗಳು ರೋಹಿಣಿ ಅಕಿಕಿಂತ ಹೆಚ್ಚ ಮಾರ್ಕ್ಸ್ ತಗೊಂಡಾಕಿ… ಮನ್ಯಾಗ ಮಗ್ಗಕ್ಕ ನೂಲಿನ ಕಂಡಕಿ ಸುತ್ತಾಕತ್ತಾಳ. ಇಬ್ರೂ ಒಂದ ಸಾಲ್ಯಾಗ, ಒಂದ ಬೆಂಚಿನ್ಯಾಗ ಕುಂತವ್ರು! ನಾ ಇಲ್ಲಿ ವಾರಾ ಪೂರ್ತಿ ನಡ ಮುರಕೊಂಡ್ರ ಬರೂದೆಷ್ಟು, ನಿನಗ ಗೊತ್ತಿಲ್ಲೇನ? ಎರಡು ಸಾವಿರ. ಸೀರಿ ಮಾರೂ ಸೇಠಗೆ ಹತ್ತು ಸಾವಿರ. ಉರಿಯೂದಿಲ್ಲೇನ ಹೊಟ್ಟಿ?

ಹ್ಞೂಂ, ಗೊತ್ತೈತಿ, ನಿನಗ ಚಿಂತಿ ಹತ್ತೈತಿ. ರಜಾ ಮುಗದು ಶುಕ್ರವಾರ ನಿನ್ನ ವಿಮಾನ ಐತಿ, ಆ ಅರಬರ ಮನಿ ಮೇಡಮ್ಮ ನೋಡಿದ್ರ ಫೋನ್ ಎತ್ತವಲ್ಲಳು. ಎತ್ತತಾಳ ಬಿಡು… ದೊಡ್ಡಮಂದಿ, ನೂರೆಂಟು ಕೆಲಸ. ಎತ್ತಲಿಲ್ಲ ಅಂದ್ರ ಇಲ್ಲೇ ಇರು! ಕೊಂಡಿ ಹಾಕು ನನ್ನ ಜೋಡಿ. ಕೊತಂಬ್ರಿನೂ ಸಸ್ತಾ. ಅಲ್ಲ, ಸಸ್ತಾ ಆದ್ರೇನು, ತಿಂಗಳಾ ನೂರಾ ಹತ್ತು ದಿನಾರ ಪಗಾರ ಎಣಿಸಾಕಿಗೆ ಮೂವತ್ತು ರೂಪಾಯಿ ಕೊತಂಬ್ರಿ ಏನ ಭಾರ ಆಗ್ತೈತಿ…

ಯಾಕ? ಕೈ ಯಾಕ ನಿಂತು?

ನೂರಾ ಹತ್ತು… ನೀನ ಹೇಳಿದ್ಯಲ್ಲ ಬೇ. ಹೇಳಿಲ್ಲ? ಎಂಬತ್ತು ಅಂದಿದ್ಯಾ? ಹಂಗಾರ ನಿಮ್ಮವ್ವ ಹೇಳಿರಬೇಕು. ಅಕಿಗೂ ಎಂಬತ್ತ ಅಂತ ಹೇಳೀಯಾ? ಇಡೀ ಓಣಿಗೂ ಎಂಬತ್ತ…? ಹಂಗಾರ ನಾ… ಸುಮ್ನ ಬಾಯಿಗೆ ಬಂದಿದ್ದು…

ಹಂಗ ನೋಡಬ್ಯಾಡ ಅಫ್ಸಾನಾ.

ನಿನ್ನ ಫೋನ್ ಕೆಟ್ಟಾಗ ನನ್ನ ಫೋನಿನಿಂದ ಮೇಡಮ್ಮಗ ಮಾತಾಡಿದ್ದಿ ನೋಡು… ನಂಬರ್ ಅದರಾಗ ಉಳದಿತ್ತು. ಅಳಸಬೇಕಂತ ಮಾಡಿದ್ದೆ, ಖರೇನ! ಅವತ್ತ ಜಾಸ್ಮಿನ ಬಿಳಿ ಕೋಟ್ ಹಾಕ್ಕೊಂಡು ನಮ್ಮ ಬಾಗಿಲಿಗೆ ಬಂದ್ಲು, ರೋಹಿಣಿ ಕಂಡಕಿ ಬಿಟ್ಟು ಎದ್ದು ಒಳಗ ಹೋದ್ಲು. ಆಗ ಹಚ್ಚಿದೆ. ಕೆಲಸದವ್ರಿಂದ ಅಕಿಗೆ ಉರ್ದು ತಿಳೀತೈತಲ್ಲ, ನಮ್ಮ ಓಣಿ ಉರ್ದುದಾಗ ಹೇಳಿದೆ… ಅಫ್ಸಾನಾಗ ಕೊಟ್ಟಷ್ಟ ಕೊಡ್ರಿ ಬೀಬಿ, ಎಂಬತ್ತು ದಿನಾರ, ನಾನೂ ಬರ್ತೇನಿ ಅಂತ. ನಾನೂ ಅಂದೆ! ನಿನ್ನ ಬಿಡಸ್ರಿ ಅನ್ನಲಿಲ್ಲ. ನನ್ನ ಮಗಳಾಣಿ!

ಅಕಿ ನಕ್ಕಳು. ಅಫ್ಸಾನಾಗ ನೂರಾ ಹತ್ತು, ನೀ ಎಂಬತ್ತಕ್ಕ ಬರ್ತಿಯಾ ಅಂದ್ಲು. ನಿನ್ನ ಜಾಗಾಕ್ಕ ನನ್ನ ಕರ್ಯಾಕತ್ತಾಳ ಅಂತ ತಿಳೀತು. ಹಂಗಲ್ಲ ಅನ್ನಬಹುದಾಗಿತ್ತು. ಅನ್ನಲಿಲ್ಲ. ಪಾಸ್‌ಪೋರ್ಟಿನ ಫೋಟೋ ಕಳಸು ಅಂದ್ಲು. ಹಿಂದ ಮಾಡಿಸಿಟ್ಟಿದ್ದು ಇತ್ತು, ಕಳಿಸಿದೆ.

ನೀ ಯಾಕ ಸುಳ್ಳ ಹೇಳಿದಿ ಬೇ? ನಮ್ಮ ಕಣ್ಣ ಹತ್ತೀತು ಅಂತನಾ? ನೂರಾ ಹತ್ತು ಅಂತ ಖರೆ ಹೇಳಿದ್ರ ನಾನೂ ನೂರಾ ಹತ್ತ ಕೇಳ್ತಿದ್ದೆ, ಅಕಿ ನನ್ನ ಬ್ಯಾಡ ಅಂತಿದ್ಲು, ನಿನ್ನ ಕೆಲಸ ನಿನಗ ಉಳೀತಿತ್ತು! ನಂದಷ್ಟ ತಪ್ಪಾ? …ಬೈಯಿ. ಬಡಿಬೇಕಂದ್ರ ಬಡಿ.

ಏಳ್ತಿಯಾ? ಏಳು. ನಾ ತಡಿಯೂದಿಲ್ಲ, ನನಗ ಮಾರಿ ಇಲ್ಲ ತಡಿಯಾಕ.

ಅಫ್ಸಾನಾ… ಹೊಸ್ತಿಲ ದಾಟೂಮುಂದ ಒಂದ ಮಾತು. ಸಿಟ್ಟಿಲೆ ಆದ್ರೂ ಹೇಳಿ ಹೋಗು. ಅಲ್ಲಿ ಜ್ವಾಳದ ಹಿಟ್ಟು… ಕಿಲೋಕ್ಕ ಎಷ್ಟು?