ಮಾರಿತ್ ಹಿಡಿದು ತಂದ ಕೈ

ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ಬೇಡ. ಇದು ನನ್ನ ಚಿಕ್ಕಮ್ಮನ ಮಗಳು ಮಾರಿತ್‌ಗೆ ಆದದ್ದು. ಮಿನೆಸೋಟದ ಸರೋವರದ ದಂಡೆಯ ಬೇಸಿಗೆ ಶಿಬಿರ. ಅವಳು ಮಕ್ಕಳಿಗೆ ಕಾಡು ತೋರಿಸುವವಳು, ನಾನು ಅಡುಗೆಯವಳು.

ಜುಲೈ ತಿಂಗಳ ಒಂದು ರಾತ್ರಿ ಒಂಬತ್ತು ಮಕ್ಕಳನ್ನು ಕರೆದುಕೊಂಡು ಹಳೇ ಬಾವಿಯ ದಾರಿ ಹಿಡಿದಳು. ಟಾರ್ಚ್ ಇಲ್ಲ. ಒಬ್ಬೊಬ್ಬರನ್ನೇ ದೂರದೂರ ಕೂರಿಸುತ್ತ ಹೋಗಬೇಕು. ಅವರು ಒಂಟಿಯಾಗಿ ಕೂತು ಕಾಡಿನ ಸದ್ದು ಕೇಳಬೇಕು. ವಾಪಸು ಬರುವಾಗ ಹೆಗಲು ಮುಟ್ಟಿ ಎಬ್ಬಿಸಿ, ಕೈಕೈ ಹಿಡಿಸಿ ಸಾಲಾಗಿ ಕರೆತರುವುದು. ಯಾರೂ ತುಟಿ ಬಿಚ್ಚುವಂತಿಲ್ಲ.

ವಿಲ್ಲಾ ಅಂತ ಎಂಟು ವರ್ಷದ ಹುಡುಗಿ ಅಳುತ್ತಿದ್ದಳು. ಅವಳಿಗೆ ಶಿಬಿರಕ್ಕೆ ಹತ್ತಿರದ ಜಾಗವೇ ಇರಲಿ ಎಂದು ಮೊದಲು ಅವಳನ್ನೇ ಬಾವಿ ಪಕ್ಕದ ಪೈನ್ ಮರದ ಬುಡದಲ್ಲಿ ಕೂರಿಸಿದಳು.

"ನನ್ನ ಮರ್ತುಬಿಟ್ರೆ?"

"ಹತ್ತೇ ನಿಮಿಷ ಪುಟ್ಟಿ. ನಾನೇ ಬಂದು ಕೈ ಹಿಡ್ಕೋತೀನಿ."

"ಆಣೆ?"

"ಆಣೆ."

ಬರುವಾಗ ಎಂಟು ಮಕ್ಕಳು ಹಿಂದೆ. ಕಪ್ಪೆಗಳು ಟಂಗ್... ಟಂಗ್ ಅನ್ನುತ್ತಿದ್ದವು. ಬಾವಿ ಬಂತು. ಕಪ್ಪೆಗಳು ನಿಂತವು... ಒಮ್ಮೆಲೇ. ಮಾರಿತ್ ಬಗ್ಗಿ ಹೆಗಲು ಮುಟ್ಟಿದಳು. ಪುಟ್ಟ ಕೈಯೊಂದು ಅವಳ ಅಂಗೈಗೆ ಬಂತು. ತಣ್ಣಗಿತ್ತು. ಪಾಪ, ಚಳಿಯಾಗಿದೆ ಎಂದು ಹೆಬ್ಬೆರಳಲ್ಲಿ ಉಜ್ಜಿದಳು. ಆ ಕೈ ಇನ್ನೂ ಬಿಗಿಯಾಗಿ ಹಿಡಿಯಿತು. ಒಣಗಿದ ಎಲೆಗಳ ಮೇಲೆ ಸರ್... ಸರ್... ಅಷ್ಟೇ ಸದ್ದು.

ಶಿಬಿರಕ್ಕೆ ಬಂದು, ಮಕ್ಕಳ ಕೋಣೆಯ ಬಾಗಿಲ ಚಿಲಕ ತೆಗೆಯಲು ಆ ಕೈ ಬಿಟ್ಟಳು. ಮಕ್ಕಳೆಲ್ಲ ಒಳಗೆ ನುಗ್ಗಿದರು. ದೀಪದಲ್ಲಿ ಎಣಿಸಿದಳು. ಎಂಟು. ಮತ್ತೆ ಎಣಿಸಿದಳು... ಎಂಟೇ. ವಿಲ್ಲಾ ಇಲ್ಲ.

ಮಕ್ಕಳನ್ನು ನನಗೊಪ್ಪಿಸಿ ಎದ್ದೆನೋ ಬಿದ್ದೆನೋ ಎಂದು ಓಡಿದಳು. ವಿಲ್ಲಾ ಅದೇ ಮರದ ಬುಡದಲ್ಲಿ ಕೂತಿದ್ದಳು. ಅಳು ನಿಂತಿತ್ತು.

"ಯಾಕೆ ಬರ್ಲಿಲ್ವೇ?"

"ನೀನು ಬಂದ್ಯಲ್ಲ... ನನ್ನ ಪಕ್ಕ ಕೂತಿದ್ದೋಳ ಹೆಗಲು ಮುಟ್ದೆ."

"ಪಕ್ಕ... ಯಾರು?"

"ಹೆಸ್ರು ಹೇಳ್ಲಿಲ್ಲ. ಅವಳನ್ನ ಇಲ್ಲಿ ಕೂರ್ಸಿ ಹೋದೋರು ವಾಪಸ್ ಬರ್ಲೇ ಇಲ್ವಂತೆ. ಮೊದ್ಲು ಅವಳು ಹೋಗ್ಲಿ ಅಂತ ನಾನು ಸುಮ್ನಿದ್ದೆ."

ಮಾರಿತ್ ಅವಳನ್ನು ಎತ್ತಿಕೊಂಡು ಬಂದಳು. ಮಕ್ಕಳ ಕೋಣೆಯ ಹೊಸ್ತಿಲಲ್ಲೇ ಬೆಳಗಿನವರೆಗೂ ಕೂತಳು. "ಆಣೆ ಇಟ್ಟು ವಿಲ್ಲಾನ ಅಲ್ಲೇ ಬಿಟ್ಬಂದೆನಲ್ಲೇ" ಎಂದು ಅತ್ತಳು. ನಾನೂ ಅವಳ ಪಕ್ಕದಲ್ಲೇ ಕೂತೆ. ಒಂದು ಮಗುವೂ ರಾತ್ರಿ ಮೇಲೇಳಲಿಲ್ಲ, ಅದಕ್ಕೆ ನಾವಿಬ್ಬರೂ ಸಾಕ್ಷಿ.

ಏಳು ಗಂಟೆಗೆ ಒಂಬತ್ತೂ ಜನ ಮುಖ ತೊಳೆಯಲು ಹೋದರು. ನಾನು ಕಂಬಳಿ ಮಡಿಸಲು ಒಳಗೆ ಹೋದೆ. ಆ ಕೋಣೆಯಲ್ಲಿ ಹತ್ತು ಮಂಚ. ಕೊನೆಯದು ಆ ಬೇಸಿಗೆಯಿಡೀ ಖಾಲಿ. ಅದರ ದಿಂಬು ತಲೆಯಿಟ್ಟ ಹಾಗೆ ನಡುವೆ ತಗ್ಗಾಗಿತ್ತು.

ಸುಳ್ಳು ಹೇಳಿ ನನಗೇನಾಗಬೇಕು? ನಾನೇ ಕೈಯಿಟ್ಟು ನೋಡಿದೆ... ಬೆಚ್ಚಗಿತ್ತು.