ಹಸಿರು ಮುಖದ ಕಂಪೌಂಡರ್

ಕುಳಿತುಕೊಳ್ಳಿ. ವಚನದ ಅರ್ಥ ನಾಳೆ ಹೇಳುತ್ತೇನೆ, ಇವತ್ತು ಒಂದು ಕಥೆ. ನನಗೆ ನಿಮ್ಮ ಮೇಲೆ ಬೇಜಾರಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಯಾಕೆ ಅಂತ ಕಥೆ ಮುಗಿದ ಮೇಲೆ ನಿಮಗೇ ತಿಳಿಯುತ್ತದೆ.

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಟಿ.ವಿ.ಯಲ್ಲಿ ಒಂದೇ ಚಾನೆಲ್ ಬರುತ್ತಿದ್ದ ಕಾಲ. ಅವನದೊಂದು ಅರಳೆ ಗಿರಣಿ ನಿಂತುಹೋಗಿತ್ತು. ಅದರೊಳಗೆ ಧಾರಾವಾಹಿ ತೆಗೆಯುವ ಹುಚ್ಚು ಹಿಡಿಯಿತು ಅವನಿಗೆ. ಎಂಥ ಧಾರಾವಾಹಿ? ಆಕಾಶನೌಕೆ, ಬೇರೆ ಗ್ರಹದವರು, ಭೂಮಿಯನ್ನು ಕಾಪಾಡುವ ಕ್ಯಾಪ್ಟನ್. ನೀವೂ ಅಂಥವನ್ನು ನೋಡಿದ್ದೀರಿ. ಕೆಟ್ಟವನು ಯಾರು ಅಂತ ಅವನು ಬಾಯಿ ತೆರೆಯುವ ಮೊದಲೇ ಗೊತ್ತಾಗುತ್ತದೆ, ಹೌದಲ್ಲ? ಹುಬ್ಬು ಹಣೆಗೆ ಏರಿರುತ್ತದೆ. ಗಡ್ಡ ಚೂಪು. ಮುಖಕ್ಕೆ, ಕೈಗೆ ಹಸಿರು ಬಣ್ಣ, ಕಿವಿಯವರೆಗೆ ಎದ್ದು ನಿಂತ ಕಪ್ಪು ಕಾಲರ್, ದೀಪ ಗದ್ದದ ಕೆಳಗಿನಿಂದ. ಒಳ್ಳೆಯವನಿಗೆ ನುಣ್ಣಗೆ ಬೋಳಿಸಿದ ಗಲ್ಲ, ಬೆಳ್ಳಿ ಬಣ್ಣದ ಅಂಗಿ. ಕೋಟಿ ಮೈಲಿ ಆಚೆ ಹುಟ್ಟಿದವನ ದುಷ್ಟತನ ಹುಬ್ಬಿನಲ್ಲಿರುತ್ತದೆ ಅಂತ ಯಾವ ವಿಜ್ಞಾನ ಹೇಳಿದೆಯಪ್ಪ? ಆದರೆ ಬಣ್ಣ ಹಚ್ಚುವವನಿಗೆ ಶ್ರೀಮಂತ ಖಡಾಖಂಡಿತ ಹೇಳಿದ್ದ: "ನೋಡೋರಿಗೆ ಒಂದ ನೋಟಕ್ಕ ತಿಳೀಬೇಕು. ಅವರನ್ನ ವಿಚಾರ ಮಾಡಾಕ ಹಚ್ಚಬ್ಯಾಡ."

ಆ ಹಸಿರು ಮುಖದ ದುಷ್ಟ ಯಾರು? ಊರಿನ ಸರಕಾರಿ ಆಸ್ಪತ್ರೆಯ ಕಂಪೌಂಡರ್. ನಾಟಕದ ಹವ್ಯಾಸ ಇದ್ದವನು, ರಜೆ ಹಾಕಿ ಬಂದು ಪಾತ್ರ ಮಾಡುತ್ತಿದ್ದ. ಕ್ಯಾಪ್ಟನ್ ಯಾರು? ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವವನು. ಅವನೇನೂ ಕೆಟ್ಟವನಲ್ಲ. ಬಣ್ಣದ ಕೆಳಗೆ ಯಾರಿದ್ದಾರೆ ಅಂತ ಊರಿಗೆಲ್ಲ ಗೊತ್ತಿತ್ತು. ಇದನ್ನು ಮರೆಯಬೇಡಿ, ಗೊತ್ತಿತ್ತು.

ಶ್ರೀಮಂತನ ತಾಯಿಗೆ ಸಕ್ಕರೆ ಕಾಯಿಲೆ, ಕಣ್ಣಿಗೆ ಪೊರೆ ಬಂದು ದೃಷ್ಟಿ ಮಂದ. ದಿನಾ ಬೆಳಗ್ಗೆ ಈ ಕಂಪೌಂಡರೇ ಹೋಗಿ ಇನ್ಸುಲಿನ್ ಚುಚ್ಚಿ, "ಅವ್ವಾ, ನಾಷ್ಟಾ ಮಾಡ್ರಿ ಮತ್ತ" ಅಂತ ಹೇಳಿ ಬರುತ್ತಿದ್ದ. ಒಂದು ದಿನ ಶ್ರಾವಣ ಸೋಮವಾರ ಬಂತು. ಚುಚ್ಚಿಸಿಕೊಂಡ ಮುದುಕಿ ಯಾರಿಗೂ ಹೇಳದೆ ಉಪವಾಸ ಹಿಡಿದಳು. ಸೂಜಿಮದ್ದು ತೆಗೆದುಕೊಂಡು ಉಪವಾಸ ಮಾಡಬೇಡಿ ಅಂತ ನಿಮಗೂ ನಾನು ಹೇಳಿ ಹೇಳಿ ಸಾಕಾಗಿದೆ. ಕೇಳುತ್ತೀರಾ?

ಮಧ್ಯಾಹ್ನ ಶೂಟಿಂಗ್ ನೋಡಲು ಬಂದ ಮುದುಕಿ ಕುರ್ಚಿಯಲ್ಲಿ ಬೆವರತೊಡಗಿದಳು. ಕೈ ನಡುಗಿತು, ಮಾತು ತಡವರಿಸಿತು. ಕಂಪೌಂಡರ್ ಓಡಿ ಬಂದ. ಅವನ ದನಿ ಕೇಳಿ ಮುದುಕಿ, "ತಮ್ಮಾ, ಬಂದ್ಯಾ" ಅಂತ ಆ ಹಸಿರು ಕೈ ಹಿಡಿದಳು.

"ಸಾಹುಕಾರ್ರ, ಇವರಿಗೆ ಸಕ್ಕರಿ ಇಳದೈತ್ರಿ. ಲಗೂನ ಸಕ್ಕರಿ ನೀರ ಕುಡಸ್ರಿ. ಇನ್ನೂ ನುಂಗ್ತಾರ, ಹೊತ್ತ ಮಾಡಬ್ಯಾಡ್ರಿ," ಅಂದ.

ಅಷ್ಟರಲ್ಲಿ ಬೆಳ್ಳಿ ಅಂಗಿಯವನು ಮುಂದೆ ಬಂದ. "ಸಕ್ಕರಿ ಬ್ಯಾನಿ ಇದ್ದೋರಿಗೆ ಸಕ್ಕರಿ ಕೊಡ್ತಾರೇನ್ರೀ? ಏನೂ ಕೊಡಬ್ಯಾಡ್ರಿ. ಮಲಗಿಸಿ ಗಾಳಿ ಬೀಸ್ರಿ."

ಅಲ್ಲಿದ್ದ ಇಪ್ಪತ್ತು ತಲೆಗಳು ಯಾರ ಮಾತಿಗೆ ಅಲ್ಲಾಡಿದವು ಹೇಳಿ? ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದವನ ಮಾತಿಗಾ? ಅಲ್ಲ. ಸೀರೆ ತೋರಿಸುವವನ ಮಾತಿಗೆ. ಅವನ ಗಲ್ಲ ನುಣ್ಣಗಿತ್ತು ನೋಡಿ, ಅದಕ್ಕೆ. ಶ್ರೀಮಂತ ತನ್ನ ತಾಯಿಯ ಬೆರಳು ಬಿಡಿಸಿ, "ಆ ಮುಖಾ ಹೊತ್ಕೊಂಡು ನಮ್ಮವ್ವನ ಹತ್ರ ಬರಬ್ಯಾಡ. ಮೊದಲ ತೊಳ್ಕೊಂಡ ಬಾ" ಅಂದ. ಆ ಬಣ್ಣ ಹಚ್ಚಿಸಿದವನೇ ಅವನು. ಹೇಳಿ ಮಾಡಿಸಿದ ಹುಬ್ಬಿಗೆ ತಾನೇ ಹೆದರಿದ. ನಾಲ್ಕು ಜನ ಕಂಪೌಂಡರನ ರಟ್ಟೆ ಹಿಡಿದು ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡರು.

ಆ ಬಣ್ಣ ನೀರಿಗೆ ಹೋಗುವುದಿಲ್ಲ. ಹುಬ್ಬನ್ನು ಅಂಟು ಹಾಕಿ ಕೂರಿಸಿರುತ್ತಾರೆ, ಕೊಬ್ಬರಿ ಎಣ್ಣೆ ಹಾಕಿ ನೆನೆಸಿ ನೆನೆಸಿ ಬಿಡಿಸಬೇಕು. ಅವನು ಚರ್ಮ ಕಿತ್ತು ಬರುವ ಹಾಗೆ ತಿಕ್ಕಿದ. ಮುಕ್ಕಾಲು ಗಂಟೆ. ಅವನನ್ನು ಒಳಗೆ ಬಿಡುವ ಹೊತ್ತಿಗೆ ಮುದುಕಿ ನುಂಗುವ ಸ್ಥಿತಿಯಲ್ಲಿರಲಿಲ್ಲ. ಅವನೇ ಎತ್ತಿಕೊಂಡು ಜೀಪಿಗೆ ಹಾಕಿ ಆಸ್ಪತ್ರೆಗೆ ಒಯ್ದ. ಗ್ಲೂಕೋಸ್ ಏರಿಸಿದರು, ಜೀವ ಉಳಿಯಿತು. ಆದರೆ ಅಷ್ಟು ಹೊತ್ತು ಸಕ್ಕರೆ ಸಿಗದ ಮಿದುಳು ಸೋತುಹೋಗಿತ್ತು. ಕಣ್ಣು ಬಿಟ್ಟ ತಾಯಿ ಮಗನ ದನಿ ಕೇಳಿ, "ಯಾರ್ರೀ ನೀವು?" ಅಂದಳು. ಆಮೇಲೆ ಬದುಕಿದ ಆರು ವರ್ಷವೂ ದಿನಾ ಬೆಳಗ್ಗೆ ಅದನ್ನೇ ಕೇಳಿದಳು.

ಅಯ್ಯೋ ಪಾಪ ಅನ್ನುತ್ತಿದ್ದೀರಿ. ಅನ್ನಬೇಡಿ. ಹೋದ ಸೋಮವಾರ ಇದೇ ಮಠದ ಪ್ರಸಾದದಲ್ಲಿ ಏನು ಮಾಡಿದಿರಿ? ನಮ್ಮ ನೀಲಗಂಗವ್ವ ಸಾರು ಬಡಿಸಲು ಬಂದಳು. ಅವಳ ಮುಖಕ್ಕೆ, ಕೈಗೆ ತೊನ್ನು ಇದೆ. ಅದು ಅಂಟುವುದಿಲ್ಲ ಅಂತ ಡಾಕ್ಟರು ಇದೇ ವೇದಿಕೆಯಲ್ಲಿ ನಿಂತು ಹೇಳಿ ಹೋದರು, ನೀವೇ ಚಪ್ಪಾಳೆ ತಟ್ಟಿದಿರಿ. ಅಂದರೆ ನಿಮಗೂ ಗೊತ್ತಿತ್ತು. ಗೊತ್ತಿದ್ದೂ ತಟ್ಟೆಗೆ ಕೈ ಅಡ್ಡ ಹಿಡಿದು "ಸಾಕ್ರಿ, ಸಾಕ್ರಿ" ಅಂದಿರಿ. ಏನು ಸಾಕು? ಇನ್ನೂ ಒಂದು ತುತ್ತು ಉಂಡಿರಲಿಲ್ಲ. ತುಂಬಿದ ಬಕೆಟ್ಟು ಹಾಗೇ ವಾಪಸ್ ತಂದು ಅವಳು ನನಗೆ, "ಅಜ್ಜಾರ, ನಾ ಹಿಂದ ಪಾತ್ರಿ ತೊಳೀತೀನ್ರಿ, ಬಡಸಾಕ ಬ್ಯಾರೆದವ್ರನ್ನ ಕಳಸ್ರಿ" ಅಂದಳು. ನನಗೆ ನಾಚಿಕೆಯಾಯಿತು. ಹದಿನೆಂಟು ವರ್ಷದಿಂದ ಇಲ್ಲಿ ಪ್ರವಚನ ಹೇಳುತ್ತಿದ್ದೇನೆ.

ನನ್ನ ಮಾತಿಗೆ ಮಾತ್ರ ಯಾಕೆ ತಲೆದೂಗುತ್ತೀರಿ? ಈ ಕಾವಿಗೆ ತಾನೆ? ಇದೂ ಬಟ್ಟೆಯೇ. ಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಯಾರು ಬೇಕಾದರೂ ಉಡಬಹುದು. ನನ್ನ ಮಾತನ್ನೂ ತೂಗಿ ನೋಡಿ ಒಪ್ಪಿಕೊಳ್ಳಿ.

ಬಾಡಿಗೆ ಮನೆ ಕೇಳಿ ಬಂದವನ ಮುಖ ನೋಡಿ "ಖಾಲಿ ಇಲ್ಲ" ಅನ್ನುವುದನ್ನು ಬಿಡಿ, ಕೂರಿಸಿ ಮಾತಾಡಿಸಿ. ಕನ್ಯೆ ನೋಡಲು ಹೋದಾಗ ಬಣ್ಣ ಅಳೆಯುವುದನ್ನು ಬಿಡಿ. ಬಸ್ಸಿನಲ್ಲಿ ಒಬ್ಬನ ಪಕ್ಕದ ಸೀಟು ಖಾಲಿ ಇದ್ದೂ ನಿಂತಿದ್ದೀರಾದರೆ, ಯಾಕೆ ನಿಂತಿದ್ದೇನೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ.

ಇವತ್ತೂ ನೀಲಗಂಗವ್ವನೇ ಬಡಿಸುತ್ತಾಳೆ. ಒಪ್ಪಿಸಲು ನನಗೆ ಎರಡು ದಿನ ಹಿಡಿಯಿತು. ಮೊದಲ ಪಂಕ್ತಿಯಲ್ಲಿ ನಾನು ಕೂರುತ್ತೇನೆ. ತಟ್ಟೆಗೆ ಕೈ ಅಡ್ಡ ಹಿಡಿಯುವವರು ಈಗಲೇ ಎದ್ದು ಮನೆಗೆ ಹೋಗಿ, ನಾನೇನೂ ಅನ್ನುವುದಿಲ್ಲ. ಉಳಿದವರು ಬನ್ನಿ, ಅವಳು ಬಕೆಟ್ಟು ಹಿಡಿದು ಕಾಯುತ್ತಿದ್ದಾಳೆ.