ಒಂದೇ ಆಟದ ನಾಲ್ಕು ಕ್ಯಾಸೆಟ್ಟು

ಕೊರಿಯರ್ ಸಾಲಿನಲ್ಲಿ ನನ್ನ ಮುಂದೆ ಅಕ್ಕ, ತಮ್ಮ ನಿಂತಿದ್ದರು. ಯಾರಿಗೋ ಕಳಿಸಲು ತಂದಿದ್ದ, ತೀರಿಕೊಂಡ ಕಿರಿಯ ತಮ್ಮನ ಹಳೆಯ ವಿಡಿಯೋ ಗೇಮ್ ಕ್ಯಾಸೆಟ್ಟುಗಳ ಪೆಟ್ಟಿಗೆ ಅವಳ ಕೈಯಲ್ಲಿ, ಆ ಕಿರಿಯವನು ಬರೆದಿಟ್ಟ ಪಟ್ಟಿ ಇವನ ಕೈಯಲ್ಲಿ.

“ಅಕ್ಕ, ಕಾರ್ ಆಟದ್ದು ನಾಲ್ಕು ಅಂತ ಬರ್ದಿದಾನೆ. ಇಲ್ಲಿ ಒಂದೇ ಇದೆಯಲ್ಲ?”

“ಒಂದೇ ಆಟಕ್ಕೆ ನಾಲ್ಕ್ಯಾಕೆ ಅಂತ ಹೋದ ತಿಂಗಳೇ ಮೂರನ್ನ ಗುಜರಿಗೆ ಹಾಕ್ದೆ ಕಣೋ.”

“ಅಯ್ಯೋ, ಒಂದೊಂದೂ ಒಂದೊಂದು ದೇಶದ್ದು. ಹಿಂದೆ ಅಚ್ಚಾಗಿರೋ ಕೋಡ್ ನಂಬರ್ ಬೇರೆ ಬೇರೆ.”

“ನಂಗೇನೋ ಗೊತ್ತು? ಹೊಸದರ ಥರ ಇದ್ದಿದ್ದನ್ನ ಉಳಿಸ್ಕೊಂಡೆ.”

ಪಟ್ಟಿಯ ಮೇಲೆ ಜಾರುತ್ತಿದ್ದ ಅವನ ಬೆರಳು ಒಂದು ಸಾಲಿನ ಮೇಲೆ ನಿಂತಿತು.

“ಏನ್ ಬರ್ದಿದಾನೆ? ಓದೋ.”

“‘ನಾಲ್ಕನೆಯದು: ಕೋಡ್ ಸವೆದುಹೋಗಿದೆ. ಅಕ್ಕ ಕೊಡಿಸಿದ್ದು. ಇದೊಂದನ್ನು ಯಾರಿಗೂ ಕೊಡಬಾರದು.’”

“ಸವೆದಿದೆ ಅಂತ ಎಲ್ಲಕ್ಕಿಂತ ಮೊದ್ಲು ಅದನ್ನೇ ಹಾಕ್ದೆ ಕಣೋ.”

ಕೌಂಟರಿನವರು ಕರೆದರು. ಅವಳು ಪೆಟ್ಟಿಗೆಯನ್ನು ಎದೆಗವಚಿಕೊಂಡು ಸಾಲು ಬಿಟ್ಟಳು.

“ಗುಜರಿ ಅಂಗಡಿ ಈಗ ತೆಗ್ದಿರತ್ತೇನೋ?”

ಅವನು ಪಟ್ಟಿ ಮಡಚಿಕೊಂಡು ಅವಳ ಹಿಂದೆ ನಡೆದ.